ಬಿಡಿಸಿದವರದ್ದೇ ಹಕ್ಕು: ಇಮೇಜ್ ಕಾಮಿಕ್ಸ್ ಬೆಳೆದ ಬಗೆ

ಪ್ರಶ್ನೆ: ಸ್ಪೈಡರ್‌ಮ್ಯಾನ್, ಎಕ್ಸ್‌ಮೆನ್ ಬಿಡಿಸಿ ಹೆಸರು ಮಾಡಿದ್ದ ಚಿತ್ರಕಾರರೇ ಮಾರ್ವೆಲ್ ಬಿಟ್ಟು ಇಮೇಜ್ ಕಾಮಿಕ್ಸ್ ಕಟ್ಟಿದರಂತೆ. ಅಷ್ಟು ಚೆನ್ನಾಗಿ ಸಂಪಾದಿಸುತ್ತಿದ್ದವರು ಯಾಕೆ ಹೊರಗೆ ಬಂದರು? ಬರೀ ದುಡ್ಡಿನ ಜಗಳವಾ?

ಉತ್ತರ: ದುಡ್ಡಿನದ್ದೂ ಹೌದು. ಆದರೆ ಜಗಳದ ಬೇರು ಇದ್ದದ್ದು ಹಕ್ಕಿನ ವಿಷಯದಲ್ಲಿ.

ಅಮೆರಿಕದ ದೊಡ್ಡ ಕಾಮಿಕ್ಸ್ ಕಂಪನಿಗಳಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಚಿತ್ರಕಾರರಿಗೆ ಪುಟಕ್ಕೆ ಇಷ್ಟು ಅಂತ ಕೊಡುವುದು. ಪಾತ್ರ, ಕಥೆ ಎರಡೂ ಕಂಪನಿಯದು. 1938ರಲ್ಲಿ ಜೆರ್ರಿ ಸೀಗಲ್, ಜೋ ಶಸ್ಟರ್ ಇಬ್ಬರೂ ಸೂಪರ್‌ಮ್ಯಾನ್ ಹಕ್ಕನ್ನು ಬರೀ 130 ಡಾಲರಿಗೆ ಬರೆದುಕೊಟ್ಟರು. ಮಾರ್ವೆಲ್‌ನ ಎಷ್ಟೋ ದೊಡ್ಡ ಪಾತ್ರಗಳಿಗೆ ರೂಪ ಕೊಟ್ಟ ಜ್ಯಾಕ್ ಕರ್ಬಿ, 1980ರ ದಶಕದಲ್ಲಿ ತಾವೇ ಬಿಡಿಸಿದ ಮೂಲ ಪುಟಗಳನ್ನು ವಾಪಸ್ ಪಡೆಯಲು ವರ್ಷಗಟ್ಟಲೆ ಹೋರಾಡಬೇಕಾಯಿತು. ಇದನ್ನೆಲ್ಲ ನೋಡಿಕೊಂಡೇ ಬೆಳೆದ ತಲೆಮಾರು ಟಾಡ್ ಮೆಕ್‌ಫಾರ್ಲೇನ್, ಜಿಮ್ ಲೀ, ರಾಬ್ ಲೀಫೆಲ್ಡ್ ಅವರದ್ದು.

1990ರಲ್ಲಿ ಮೆಕ್‌ಫಾರ್ಲೇನ್ ಬಿಡಿಸಿದ ಹೊಸ ಸ್ಪೈಡರ್‌ಮ್ಯಾನ್ ಸರಣಿಯ ಮೊದಲ ಸಂಚಿಕೆ ಸುಮಾರು 25 ಲಕ್ಷ ಪ್ರತಿ ಹೋಯಿತು. ಮರುವರ್ಷ ಜಿಮ್ ಲೀ ಚಿತ್ರಗಳ ಎಕ್ಸ್‌ಮೆನ್ ಮೊದಲ ಸಂಚಿಕೆ 80 ಲಕ್ಷ ದಾಟಿತು. ಓದುಗರು ಚಿತ್ರಕಾರರ ಹೆಸರು ನೋಡಿ ಕೊಳ್ಳುತ್ತಿದ್ದರು. ಅದೇ ಚಿತ್ರಗಳನ್ನು ಕಂಪನಿ ಟೀ ಶರ್ಟು, ಪೋಸ್ಟರುಗಳ ಮೇಲೂ ಅಚ್ಚು ಹಾಕುತ್ತಿತ್ತು. ಬಿಡಿಸಿದವರಿಗೆ ಅದರಲ್ಲಿ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೇ.

1991ರ ಡಿಸೆಂಬರಿನಲ್ಲಿ ಈ ಮೂವರು ಮಾರ್ವೆಲ್ ಅಧ್ಯಕ್ಷ ಟೆರ್ರಿ ಸ್ಟುವರ್ಟ್ ಎದುರು ಕೂತು, ನಾವು ಹೊರಟೆವು ಎಂದು ಹೇಳಿ ಬಂದರು. ಎರಿಕ್ ಲಾರ್ಸನ್, ಮಾರ್ಕ್ ಸಿಲ್ವೆಸ್ಟ್ರಿ, ಜಿಮ್ ವ್ಯಾಲೆಂಟಿನೋ, ವಿಲ್ಸ್ ಪೋರ್ಟಾಸಿಯೋ ಜೊತೆಯಾದರು. ಒಬ್ಬರು ಬಿಟ್ಟುಹೋಗಿದ್ದರೆ ಕಂಪನಿ ಇನ್ನೊಬ್ಬರನ್ನು ತಂದು ಕೂರಿಸುತ್ತಿತ್ತು. ಮುಂಚೂಣಿಯ ಇಷ್ಟು ಜನ ಒಟ್ಟಿಗೇ ಎದ್ದು ಹೋಗಿದ್ದು ಬೇರೆಯದೇ ಮಾತು. 1992ರ ಏಪ್ರಿಲಿನಲ್ಲಿ ಲೀಫೆಲ್ಡ್ ಅವರ ಯಂಗ್‌ಬ್ಲಡ್ ಬಂತು. ಮೇ ತಿಂಗಳಲ್ಲಿ ಮೆಕ್‌ಫಾರ್ಲೇನ್ ಅವರ ಸ್ಪಾನ್. ಅದರ ಮೊದಲ ಸಂಚಿಕೆ 17 ಲಕ್ಷ ಪ್ರತಿ ಮಾರಾಟವಾಯಿತು. ಮುದ್ರಣ, ಹಂಚಿಕೆ ನೋಡಿಕೊಳ್ಳಲು ಶುರುವಿನಲ್ಲಿ ಮಾಲಿಬು ಕಾಮಿಕ್ಸ್ ಇತ್ತು. 1993ರ ಹೊತ್ತಿಗೆ ಅದೂ ಬೇಡವಾಯಿತು.

ಇವರು ಹಾಕಿಕೊಂಡ ನಿಯಮ ಎರಡೇ. ಕೃತಿಯ ಹಕ್ಕು ಅದನ್ನು ಮಾಡಿದವರದ್ದು, ಇಮೇಜ್‌ದಲ್ಲ. ಒಬ್ಬ ಪಾಲುದಾರರ ಕೆಲಸದಲ್ಲಾಗಲಿ ಲೆಕ್ಕದಲ್ಲಾಗಲಿ ಇನ್ನೊಬ್ಬರು ಕೈ ಹಾಕುವಂತಿಲ್ಲ. ಕಂಪನಿಯ ಆಸ್ತಿ ಅಂತ ಇದ್ದದ್ದು ತನ್ನ ಹೆಸರು ಮತ್ತು ಲಾಂಛನ. ನನ್ನನ್ನು ಕೇಳಿದರೆ, ಇಮೇಜ್ ಬೆಳೆದದ್ದು ಈ ಎರಡು ಸಾಲುಗಳಿಂದ. ಆ ದೊಡ್ಡ ಮಾರಾಟದ ಅಂಕಿಗಳು ನಿಲ್ಲಲಿಲ್ಲ, ಈ ಸಾಲುಗಳು ನಿಂತವು. ಮುಂದೆ ಬೆಲೆ ಬರುತ್ತದೆ ಎಂದು ಒಬ್ಬರೇ ಐದಾರು ಪ್ರತಿ ಕೊಂಡು ಎತ್ತಿಡುತ್ತಿದ್ದ ಕಾಲ ಅದು. ಆ ಆಸೆ ಕರಗುತ್ತಲೇ ಮಾರುಕಟ್ಟೆ ಕುಸಿಯಿತು. 1996ರ ಕೊನೆಗೆ ಮಾರ್ವೆಲ್ಲೇ ದಿವಾಳಿ ಅರ್ಜಿ ಹಾಕಬೇಕಾಯಿತು.

ಪ್ರಶ್ನೆ: ಹಕ್ಕೆಲ್ಲ ಕೃತಿಕಾರರದ್ದೇ ಆದರೆ ಕಂಪನಿ ನಡೆಯುವುದು ಹೇಗೆ? ಇದರಲ್ಲಿ ನಷ್ಟ ಯಾರಿಗೆ?

ಉತ್ತರ: ಇಮೇಜ್ ಪ್ರತಿ ಸಂಚಿಕೆಗೆ ಒಂದು ನಿಗದಿತ ಶುಲ್ಕ ಹಿಡಿದುಕೊಳ್ಳುತ್ತದೆ. ಮುದ್ರಣ ಮುಂತಾದ ಖರ್ಚು ಕಳೆದು ಉಳಿದದ್ದು ಕೃತಿಕಾರರಿಗೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಸಾಮಾನ್ಯವಾಗಿ ಮುಂಗಡವಾಗಿ ಪುಟದ ಸಂಭಾವನೆ ಇರುವುದಿಲ್ಲ. ಪುಸ್ತಕ ಮಾರಾಟವಾಗುವ ತನಕ ಚಿತ್ರಕಾರರು ತಿಂಗಳುಗಟ್ಟಲೆ ಕೈಯಿಂದ ಹಾಕಿಕೊಂಡು ಕೆಲಸ ಮಾಡಬೇಕು. ಓಡದಿದ್ದರೆ ನಷ್ಟ ಅವರದ್ದೇ.

ಇನ್ನೊಂದು ಪೆಟ್ಟು ಬಿದ್ದದ್ದು ಅಂಗಡಿಯವರಿಗೆ. ಅಲ್ಲಿ ಕಾಮಿಕ್ಸ್ ಅಂಗಡಿಗಳು ತಿಂಗಳುಗಳ ಮುಂಚೆ ಪಟ್ಟಿ ನೋಡಿ ಆರ್ಡರ್ ಕೊಡುತ್ತವೆ. ಉಳಿದ ಪ್ರತಿ ವಾಪಸ್ ಹೋಗುವುದಿಲ್ಲ. ಒಬ್ಬ ಚಿತ್ರಕಾರ ದಿನಕ್ಕೆ ಒಂದು ಪುಟ ಪೆನ್ಸಿಲ್‌ನಲ್ಲಿ ಮುಗಿಸಿದರೆ ಅದೇ ಒಳ್ಳೆ ವೇಗ. ಸಂಚಿಕೆಗೆ ಸುಮಾರು 22 ಪುಟ. ಅದಕ್ಕೆ ಇಂಕ್, ಬಣ್ಣ, ಅಕ್ಷರ ಸೇರಬೇಕು. ಅದೇ ಚಿತ್ರಕಾರ ಈಗ ಸ್ಟುಡಿಯೋ ಬಾಡಿಗೆ, ಸಂಬಳ, ಆಟಿಕೆ ಒಪ್ಪಂದಗಳನ್ನೂ ನೋಡಿಕೊಳ್ಳಬೇಕಾಯಿತು. ಪುಸ್ತಕಗಳು ತಿಂಗಳುಗಟ್ಟಲೆ ತಡವಾದವು. ಜನ ಹುಚ್ಚೆದ್ದು ಕೇಳುತ್ತಿದ್ದಾಗ ಕೊಟ್ಟ ಆರ್ಡರಿನ ಕಟ್ಟು, ಕೇಳುವವರೇ ಇಲ್ಲದ ಹೊತ್ತಿಗೆ ಅಂಗಡಿಗೆ ಬಂದು ಬಿತ್ತು.

ಪಾಲುದಾರರೂ ಚದುರಿದರು. 1996ರಲ್ಲಿ ಲೀಫೆಲ್ಡ್ ಹೊರಗೆ ಹೋದರು. ಆಮೇಲೆ ಜಿಮ್ ಲೀ ತಮ್ಮ ವೈಲ್ಡ್‌ಸ್ಟಾರ್ಮ್ ಸ್ಟುಡಿಯೋವನ್ನು, ಸೂಪರ್‌ಮ್ಯಾನ್ ಹಕ್ಕು ಹೊಂದಿರುವ ದೊಡ್ಡ ಕಂಪನಿ ಡಿಸಿಗೆ ಮಾರಿದರು. ಇದನ್ನು ಕೆಲವರು ದ್ರೋಹ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ತನ್ನದನ್ನು ಮಾರುವ ಸ್ವಾತಂತ್ರ್ಯವೂ ಆ ಹಕ್ಕಿನೊಳಗೇ ಇತ್ತು.

ಆ ನಿಯಮದ ನಿಜವಾದ ಫಲ ಕಂಡದ್ದು 2003ರಲ್ಲಿ. ರಾಬರ್ಟ್ ಕಿರ್ಕ್‌ಮನ್ ಎಂಬ ಯುವ ಬರಹಗಾರ, ಚಿತ್ರಕಾರ ಟೋನಿ ಮೂರ್ ಜೊತೆ ದ ವಾಕಿಂಗ್ ಡೆಡ್ ತಂದರು. ಸುಮ್ನೆ ಜೋಂಬಿ ಕಥೆ ಅಂದರೆ ಪ್ರಕಾಶಕರು ಒಪ್ಪಲಿಲ್ಲ. ಇದರ ಹಿಂದೆ ಅನ್ಯಗ್ರಹದವರ ಕೈವಾಡ ಇದೆ ಎಂದು ಕಿರ್ಕ್‌ಮನ್ ಹೇಳಿ ಒಪ್ಪಿಸಿದರು. ಆ ಅನ್ಯಗ್ರಹದವರು ಕಥೆಯಲ್ಲಿ ಬರಲೇ ಇಲ್ಲ! ಕಪ್ಪು ಬಿಳುಪಿನ ಪುಸ್ತಕ, ಬಣ್ಣದ ಖರ್ಚಿಲ್ಲ. ಮೊದಲ ಸಂಚಿಕೆ 7 ಸಾವಿರ ಚಿಲ್ಲರೆ ಪ್ರತಿ. ಏಳನೇ ಸಂಚಿಕೆಯಿಂದ ಚಾರ್ಲಿ ಆಡ್ಲರ್ಡ್ ಚಿತ್ರ ಬಿಡಿಸಿದರು. 2010ರಲ್ಲಿ ಟಿವಿ ಸರಣಿ ಬಂತು. 2019ರಲ್ಲಿ 193ನೇ ಸಂಚಿಕೆಗೆ, ಮುಂಚೆ ಏನೂ ಹೇಳದೆ, ಕಿರ್ಕ್‌ಮನ್ ಕಥೆ ಮುಗಿಸಿದರು. ಅಷ್ಟು ದುಡ್ಡು ತರುವ ಕಥೆಯನ್ನು ತನಗೆ ಸರಿ ಕಂಡಾಗ ನಿಲ್ಲಿಸಲು ಆದದ್ದು, ಅದು ಅವರದ್ದಾಗಿದ್ದರಿಂದ. ಅಷ್ಟರಲ್ಲಿ, 2008ರಲ್ಲೇ, ಅವರು ಇಮೇಜ್‌ನ ಪಾಲುದಾರರೂ ಆಗಿದ್ದರು. ಸ್ಥಾಪಕರಲ್ಲದೆ ಆ ಜಾಗಕ್ಕೆ ಬಂದ ಮೊದಲಿಗರು ಅವರು.

ಆದರೆ ಚಿತ್ರಕಾರರ ಹಕ್ಕು ಕಚೇರಿಯ ಸಿಬ್ಬಂದಿಗೆ ತಾನಾಗಿ ಸಿಗುವುದಿಲ್ಲ. 2021ರಲ್ಲಿ ಇಮೇಜ್ ನೌಕರರೇ ಒಂದು ಸಂಘ ಕಟ್ಟಿದರು, ಮರುವರ್ಷದ ಮತದಾನದಲ್ಲಿ ಗೆದ್ದರು. ಅದು ಆಗಬೇಕಾದದ್ದೇ ಆಗಿತ್ತು.

ಪ್ರಶ್ನೆ: ನಾವು ಮೂವರು ಸ್ನೇಹಿತರು. ಒಬ್ಬರು ಕಥೆ ಬರೆಯುತ್ತೇವೆ, ಇಬ್ಬರು ಚಿತ್ರ ಬಿಡಿಸುತ್ತೇವೆ. ಇಂಥ ಸ್ಟುಡಿಯೋ ಶುರು ಮಾಡಬೇಕು ಅಂತಿದ್ದೇವೆ. ಮೊದಲು ಏನು ಮಾಡಬೇಕು?

ಉತ್ತರ: ಪಾತ್ರ ಯಾರದ್ದು, ಪಾಲು ಎಷ್ಟೆಷ್ಟು, ಒಬ್ಬರು ಬಿಟ್ಟುಹೋದರೆ ಏನು ಎಂದು ಮೊದಲ ಪುಟ ಬಿಡಿಸುವ ಮುಂಚೆ ಬರೆದು ಸಹಿ ಹಾಕಿ. ಸ್ನೇಹ ಇದೆ ಅಂತ ಬಿಡಬೇಡಿ. ಸ್ಪಾನ್ ಒಂಬತ್ತನೇ ಸಂಚಿಕೆಯನ್ನು ಲೇಖಕ ನೀಲ್ ಗೈಮನ್ ಬರೆದದ್ದು ಬಾಯಿ ಮಾತಿನ ಒಪ್ಪಂದದ ಮೇಲೆ. ಅದರಲ್ಲಿ ಹುಟ್ಟಿದ ಪಾತ್ರಗಳ ಹಕ್ಕಿಗಾಗಿ ಅವರು ಮೆಕ್‌ಫಾರ್ಲೇನ್ ಮೇಲೆ ಕೋರ್ಟಿಗೆ ಹೋದರು. 2004ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಗೈಮನ್ ಸಹ ಒಡೆಯರು ಎಂದು ಎತ್ತಿಹಿಡಿಯಿತು. ಹಕ್ಕಿಗಾಗಿಯೇ ಹೊರಗೆ ಬಂದವರ ವಿಷಯದಲ್ಲೂ ಹೀಗಾಯಿತು. ಟೋನಿ ಮೂರ್ ಕೂಡ 2012ರಲ್ಲಿ ಕಿರ್ಕ್‌ಮನ್ ಮೇಲೆ ಕೇಸು ಹಾಕಿದ್ದರು, ಕೊನೆಗೆ ರಾಜಿಯಾಯಿತು.

ಲೆಕ್ಕ, ಪತ್ರವ್ಯವಹಾರ ಯಾರ ಜವಾಬ್ದಾರಿ ಎಂದು ಆಗಲೇ ತೀರ್ಮಾನಿಸಿ. ಚಿತ್ರ ಬಿಡಿಸುವವರ ತಲೆಗೆ ಅದನ್ನೂ ಕಟ್ಟಿದರೆ ಪುಟ ಮುಗಿಯುವುದಿಲ್ಲ. ಮೂರು ಸಂಚಿಕೆ ಪೂರ್ತಿ ಸಿದ್ಧವಾಗಿ ಕೈಯಲ್ಲಿರುವ ತನಕ ಬಿಡುಗಡೆಯ ದಿನಾಂಕ ಯಾರಿಗೂ ಹೇಳಬೇಡಿ.