ತೃಪ್ತಿನಾ ಸಂಬಳನಾ ಅನ್ನೋದು ಆಮೇಲೆ, ಮೊದಲು ಆ ಪಿಎಫ್‌ಗೆ ಕೈ ಹಾಕಬೇಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕ್ವಾಲಿಟಿ ಇಂಜಿನಿಯರ್, ವಯಸ್ಸು 27, ಸರ್ವಿಸ್ ನಾಲ್ಕು ವರ್ಷ ನಾಲ್ಕು ತಿಂಗಳು, ಕೆಲಸ ಇಷ್ಟ, ಸಂಬಳ ಸಾಲದು. ಬೆಂಗಳೂರಿಂದ ಸಪೋರ್ಟ್ ಕೆಲಸಕ್ಕೆ 7.2 ಲಕ್ಷದ ಆಫರ್ ಬಂದಿದೆ, ಹೋದರೆ ಮುಂದೆ ಪಶ್ಚಾತ್ತಾಪ ಪಡ್ತೀನಾ ಅಂತ ಕೇಳಿದ್ದೀರಿ. ಅಲ್ಲೇ ಪಕ್ಕದ ಮೇಟಗಳ್ಳಿಯಿಂದ ಹೀಗೇ ಎದ್ದು ಹೋದವನು ನಾನು. ಈಗ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳೋದೇ ನನ್ನ ಕೆಲಸ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ನೀವು ಸುಮ್ಮನೆ ಸೇರಿಸಿದ ಕೊನೆಯ ಸಾಲು: ಪಿಎಫ್‌ನಲ್ಲಿರುವ 1.7 ಲಕ್ಷ ತೆಗೆದು ಬೆಂಗಳೂರಿನ ಮನೆ ಅಡ್ವಾನ್ಸ್‌ಗೆ ಕೊಡ್ತೀನಿ ಅನ್ನೋದು. ನಾನೂ ಅದನ್ನೇ ಮಾಡಿದ್ದೆ. ಕೆಲಸ ಬಿಟ್ಟದ್ದಕ್ಕೆ ನನಗೆ ಬೇಜಾರಿಲ್ಲ, ದುಡ್ಡು ತೆಗೆದದ್ದಕ್ಕೆ ಇದೆ.

ಮೊದಲನೆಯದಾಗಿ, ಇನ್ನೊಂದು ಕಂಪನಿಗೆ ಸೇರುತ್ತಿರುವವರಿಗೆ ಪಿಎಫ್ ಪೂರ್ತಿ ತೆಗೆಯುವ ಅವಕಾಶವೇ ಇಲ್ಲ. ಪಿಎಫ್ ಅನ್ವಯಿಸುವ ಕಡೆ ಮತ್ತೆ ಸೇರಿದರೆ ವರ್ಗಾವಣೆ ಮಾಡಿಸಿಕೊಳ್ಳಬೇಕು. ಆದರೂ ಜನ ಹೇಗೆ ತೆಗೀತಾರೆ ಅಂದರೆ, ಹಳೇ ಯುಎಎನ್ (ಪ್ರತಿ ಪಿಎಫ್ ಸದಸ್ಯನಿಗೂ ಇರುವ ಕಾಯಂ ನಂಬರ್) ಮುಚ್ಚಿಟ್ಟು, ಹೊಸ ಕಂಪನಿಯಲ್ಲಿ 'ಇದೇ ನನ್ನ ಮೊದಲ ಕೆಲಸ' ಅಂತ ಬರೆದುಕೊಟ್ಟು ಇನ್ನೊಂದು ಯುಎಎನ್ ಮಾಡಿಸಿಕೊಂಡು. ಈ ಐಡಿಯಾ ಕೊಡುವ ಸ್ನೇಹಿತರು ಪ್ರತಿ ಕ್ಯಾಂಟೀನಿನಲ್ಲೂ ಒಬ್ಬರಾದರೂ ಇರುತ್ತಾರೆ. ಆಧಾರ್ ಒಂದೇ ಆಗಿರುವುದರಿಂದ ಅದು ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೆ.

ಇನ್ನು ತೆರಿಗೆ. ಐದು ವರ್ಷದ ಸತತ ಸೇವೆ ತುಂಬುವ ಮೊದಲು ತೆಗೆದರೆ ಆ ಹಣಕ್ಕೆ ತೆರಿಗೆ ಉಂಟು. 50 ಸಾವಿರ ಅಥವಾ ಮೇಲ್ಪಟ್ಟರೆ, ಪ್ಯಾನ್ ಜೋಡಣೆಯಾಗಿದ್ದಲ್ಲಿ ಶೇ. 10 ಟಿಡಿಎಸ್, ಅಂದರೆ ನಿಮ್ಮ 1.7 ಲಕ್ಷಕ್ಕೆ 17 ಸಾವಿರ. ಎಲ್ಲರೂ ಹೆದರಿಸುವುದು ಇದನ್ನೇ ಹಿಡಿದುಕೊಂಡು. ನಿಜ ಹೇಳಬೇಕೆಂದರೆ ಇದು ದೊಡ್ಡ ನಷ್ಟ ಅಲ್ಲ. ನಿಮ್ಮ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ತೆರಿಗೆಯೇ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಬಡ್ಡಿಯ ನಷ್ಟ ಅದಕ್ಕಿಂತ ದೊಡ್ಡದು. 2024-25ಕ್ಕೆ ಪಿಎಫ್ ಬಡ್ಡಿ ಶೇ. 8.25. ಆ ದರ ಹಾಗೇ ಉಳಿದರೆ ಇವತ್ತಿನ 1.7 ಲಕ್ಷ ನಿಮಗೆ 58 ಆಗುವ ಹೊತ್ತಿಗೆ, ಒಂದು ರೂಪಾಯಿ ಹೊಸದಾಗಿ ಹಾಕದೆ, ಹತ್ತಿರಹತ್ತಿರ 20 ಲಕ್ಷ. ದರ ಪ್ರತಿವರ್ಷ ಬದಲಾಗಬಹುದು, ಒಪ್ಪುತ್ತೇನೆ, ಆದರೆ ಲೆಕ್ಕದ ಅಂದಾಜು ಇದು.

ಎಲ್ಲಕ್ಕಿಂತ ದೊಡ್ಡ ಹೊಡೆತ ಪಿಎಫ್ ಪಾಸ್‌ಬುಕ್ಕಿನ ಮೂರನೇ ಕಾಲಂನಲ್ಲಿ, ಅಂದರೆ ಪೆನ್ಷನ್ ಕಾಲಂನಲ್ಲಿದೆ, ಅದನ್ನು ಯಾರೂ ನೋಡಲ್ಲ. ನಿಮ್ಮ ಬೇಸಿಕ್ ಮತ್ತು ಡಿಎ ಸೇರಿ 20 ಸಾವಿರ ಅಂದಿದ್ದೀರಿ. ನಿಮ್ಮ ಪಾಲು ಶೇ. 12, ಅಂದರೆ 2,400. ಕಂಪನಿಯದೂ 2,400. ಆದರೆ ಕಂಪನಿಯ ಪಾಲಿನಲ್ಲಿ 1,250 ರೂಪಾಯಿ ಪೆನ್ಷನ್ ಯೋಜನೆಗೆ, ಇಪಿಎಸ್‌ಗೆ, ಹೋಗುತ್ತೆ. ಪೆನ್ಷನ್ ಲೆಕ್ಕಕ್ಕೆ ಸಂಬಳದ ಮಿತಿ 15,000, ಅದರ ಶೇ. 8.33 ಈ 1,250. ಉಳಿದ 1,150 ಮಾತ್ರ ನಿಮ್ಮ ಪಿಎಫ್‌ಗೆ ಸೇರುತ್ತೆ.

ಈಗ ನಿಯಮ ಗಮನಿಸಿ. 2014ರ ಸೆಪ್ಟೆಂಬರ್ 1ರ ನಂತರ ಹೊಸದಾಗಿ ಪಿಎಫ್‌ಗೆ ಸೇರುವವರ ಬೇಸಿಕ್ 15 ಸಾವಿರ ದಾಟಿದ್ದರೆ ಅವರಿಗೆ ಇಪಿಎಸ್ ಸದಸ್ಯತ್ವವೇ ಇಲ್ಲ. ನೀವು ಟ್ರೈನಿಯಾಗಿ ಸೇರಿದಾಗ ಬೇಸಿಕ್ 14,500 ಇತ್ತು, ಆದ್ದರಿಂದ ಒಳಗೆ ಬಂದಿದ್ದೀರಿ. ಒಮ್ಮೆ ಒಳಗೆ ಬಂದವರು ಸಂಬಳ ಎಷ್ಟೇ ಏರಿದರೂ ಒಳಗೇ ಉಳಿಯುತ್ತಾರೆ, ಸರ್ವಿಸ್ ವರ್ಗಾಯಿಸಿಕೊಂಡು ಹೋದರೆ ಮಾತ್ರ. ಪಿಎಫ್ ತೆಗೆಯುವ ಫಾರ್ಮ್ 19 ಜೊತೆಗೆ ಫಾರ್ಮ್ 10ಸಿ ಹಾಕಿ ಪೆನ್ಷನ್ ದುಡ್ಡನ್ನೂ ತೆಗೆದಿರೋ, ಆ ಸದಸ್ಯತ್ವ ಮುಗಿಯಿತು. ಬೆಂಗಳೂರಿನಲ್ಲಿ ಅಂದಾಜು 30 ಸಾವಿರ ಬೇಸಿಕ್‌ಗೆ ಸೇರುವಾಗ ನೀವು ಹೊಸಬರು, ಮಿತಿ ದಾಟಿದವರು, ಬಾಗಿಲು ಮುಚ್ಚಿರುತ್ತೆ. ಮತ್ತೆ ಒಳಗೆ ಹೋಗಲು ದಾರಿ ಇಲ್ಲ. ನನಗೆ ಆದದ್ದು ಇದು.

ಆ ಪೆನ್ಷನ್ ಎಷ್ಟು ಮಹಾ ಅಂತ ಕೇಳಬಹುದು. ಸೂತ್ರ ಸರಳ: ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 20 ವರ್ಷ ದಾಟಿದ ಸೇವೆಗೆ 2 ವರ್ಷ ಬೋನಸ್ ಸೇರುತ್ತೆ. ಈಗಿನ ಮಿತಿಯಲ್ಲಿ 33 ವರ್ಷ ದುಡಿದರೂ ತಿಂಗಳಿಗೆ 7,500. ಆ 1,250 ನೇರ ಪಿಎಫ್‌ಗೇ ಬೀಳಲಿ, ಅದೇ ಲಾಭ ಅಂತ ವಾದಿಸುವವರಿದ್ದಾರೆ, ಬರೀ ಬಡ್ಡಿ ಲೆಕ್ಕದಲ್ಲಿ ಅವರ ಮಾತು ಸುಳ್ಳಲ್ಲ. ಆದರೆ ಸದಸ್ಯ ಸೇವೆಯಲ್ಲಿರುವಾಗ ತೀರಿಕೊಂಡರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ, ಹೆಂಡತಿಗೆ ಪೆನ್ಷನ್ ಬರುತ್ತೆ. ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ತಲಾ ಅದರ ಶೇ. 25 ಬರುತ್ತೆ. ಮದುವೆ ಗೊತ್ತಾಗಿದೆ ಅಂತ ಬೇರೆ ಬರೆದಿದ್ದೀರಿ.

ಹಾಗಾಗಿ ಹೋಗುವುದೇ ಆದರೆ ಹೀಗೆ ಹೋಗಿ. ರಾಜೀನಾಮೆ ಕೊಡುವ ಮೊದಲೇ ಪಿಎಫ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಅಕ್ಷರ ಅಕ್ಷರ ಹೊಂದುತ್ತಾ ನೋಡಿ. ನಮ್ಮ ಕಡೆಯವರ ಶಾಶ್ವತ ತಲೆನೋವು ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಹಿಂದೆ ಒಂದಕ್ಷರ, ಆಧಾರ್‌ನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು, ಪಿಎಫ್‌ನಲ್ಲಿ ಮೂರನೆಯ ಥರ. ತಿದ್ದುಪಡಿಗೆ ಜಾಯಿಂಟ್ ಡಿಕ್ಲರೇಷನ್ (ನೌಕರ, ಕಂಪನಿ ಸೇರಿ ಕೊಡುವ ಅರ್ಜಿ) ಹಾಕಬೇಕಾಗಿ ಬಂದರೆ ಕಂಪನಿಯ ಒಪ್ಪಿಗೆ ಬೇಕಾಗಬಹುದು, ಒಳಗಿದ್ದಾಗ ಎಚ್‌ಆರ್ ಟೇಬಲ್ ಮುಂದೆ ನಿಂತು ಮಾಡಿಸೋದು ಸುಲಭ. ಬಿಟ್ಟ ಮೇಲೆ ಫೋನ್ ಎತ್ತಲ್ಲ.

ಸೇರುವಾಗ ಹೊಸ ಕಂಪನಿ ಪಿಎಫ್ ಘೋಷಣೆಯ ಫಾರ್ಮ್ 11 ಕೊಡುತ್ತೆ. ಅದರಲ್ಲಿ ಎರಡು ಪ್ರಶ್ನೆ ಬೇರೆಬೇರೆ ಇರುತ್ತವೆ: ಮೊದಲು ಪಿಎಫ್ ಸದಸ್ಯರಾಗಿದ್ದಿರಾ, ಪೆನ್ಷನ್ ಯೋಜನೆಯ ಸದಸ್ಯರಾಗಿದ್ದಿರಾ. ಎರಡಕ್ಕೂ ಹೌದು ಅನ್ನಿ, ಹಳೆಯ ಯುಎಎನ್ ಬರೆಯಿರಿ. ಎರಡನೆಯದಕ್ಕೆ ಅವಸರದಲ್ಲಿ 'ಇಲ್ಲ' ಗುರುತು ಹಾಕಿದರೆ ಅವರು ಇಪಿಎಸ್ ಕಟ್ಟುವುದನ್ನೇ ಬಿಡುತ್ತಾರೆ. ಮೂರು ವರ್ಷ ಬಿಟ್ಟು ಸರಿಪಡಿಸೋಕೆ ಹೋದರೆ ಎರಡೂ ಕಂಪನಿ, ಪಿಎಫ್ ಕಚೇರಿ ಎಲ್ಲ ಸುತ್ತಬೇಕು.

ಹಳೇ ಕಂಪನಿ ನೀವು ಬಿಟ್ಟ ದಿನಾಂಕ ನಮೂದಿಸದಿದ್ದರೆ ವರ್ಗಾವಣೆ ನಿಲ್ಲುತ್ತೆ. ಬಿಟ್ಟು ಎರಡು ತಿಂಗಳಾದ ಮೇಲೆ ಪೋರ್ಟಲ್‌ನ 'ಮ್ಯಾನೇಜ್' ಕೆಳಗಿನ 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ಹಾಕಬಹುದು, ಆಧಾರ್ ಓಟಿಪಿ ಸಾಕು. ರಿಲೀವಿಂಗ್ ಲೆಟರ್‌ನಲ್ಲಿರುವ ದಿನಾಂಕವನ್ನೇ ಹಾಕಿ, ಹಾಕಿದ ಮೇಲೆ ಬದಲಿಸುವುದು ಕಷ್ಟ. ಹೊಸ ಕಡೆ ಸೇರಿದ ದಿನ ಅದಕ್ಕಿಂತ ಹಿಂದಿದ್ದರೆ ಎರಡು ಸೇವೆ ಒಂದರ ಮೇಲೊಂದು ಬಿದ್ದು ಪಿಎಫ್ ಕಚೇರಿ ವಿವರಣೆ ಕೇಳಬಹುದು. ವರ್ಗಾವಣೆ ಆದ ಮೇಲೆ ಪಾಸ್‌ಬುಕ್‌ನ ಪೆನ್ಷನ್ ಕಾಲಂನಲ್ಲಿ ಸೊನ್ನೆ ಕಂಡು ಗಾಬರಿ ಬೀಳಬೇಡಿ. ಪೆನ್ಷನ್ ದುಡ್ಡು ಖಾತೆಯಿಂದ ಖಾತೆಗೆ ಓಡಾಡಲ್ಲ, ಸೇವಾವಧಿ ಮಾತ್ರ ಹೋಗುತ್ತೆ. ಅದು ಬಂದಿದೆಯಾ ಅಂತ ಅನೆಕ್ಸರ್ ಕೆ (ವರ್ಗಾವಣೆಯ ವಿವರ ಪತ್ರ) ಇಳಿಸಿಕೊಂಡು ನೋಡಿ.

ಅಡ್ವಾನ್ಸ್‌ಗೆ ಏನು ಮಾಡೋದು? ಮೊದಲ ಮೂರು ತಿಂಗಳು ಪಿಜಿಯಲ್ಲಿರಿ. ಪ್ರೊಬೇಷನ್ ಮುಗಿಯುವ ಮೊದಲೇ ಲಕ್ಷ ರೂಪಾಯಿ ಅಡ್ವಾನ್ಸ್ ಕಟ್ಟಿ ಕೂತವರು, ಕೆಲಸ ಹಿಡಿಸದಿದ್ದರೂ ಆ ದುಡ್ಡಿಗೋಸ್ಕರ ಅಲ್ಲೇ ಉಳಿಯುತ್ತಾರೆ.

ಇನ್ನು 7.2 ಲಕ್ಷ. ತಿಂಗಳಿಗೆ 60 ಸಾವಿರ ಅಂತ ನೀವು ಭಾಗಿಸಿಕೊಂಡಿದ್ದೀರಿ, ಅಲ್ಲೇ ಎಡವಿದ್ದು. ಬೇಸಿಕ್ 30 ಸಾವಿರ, ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಭಾಗ) ಶೇ. 10 ಅಂತ ಇಟ್ಟುಕೊಳ್ಳಿ. 60 ಸಾವಿರದಲ್ಲಿ ವೇರಿಯಬಲ್ 6,000 ತಿಂಗಳ ಸಂಬಳದಲ್ಲಿ ಬರಲ್ಲ. ಕಂಪನಿ ಕಟ್ಟುವ ಪಿಎಫ್ 3,600 ಅದರೊಳಗೇ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು, ಅಂತ ಬೇಸಿಕ್‌ನ ಶೇ. 4.81, ಅಂದರೆ 1,443, ಅದರೊಳಗೇ. ಐದು ವರ್ಷ ಇರದಿದ್ದರೆ ಅದು ನಿಮ್ಮ ಕಣ್ಣಿಗೂ ಬೀಳದ ದುಡ್ಡು. ಇನ್ಶೂರೆನ್ಸ್ ಪ್ರೀಮಿಯಂ ಒಂದು ಸಾವಿರ ಅನ್ನಿ. ಉಳಿದದ್ದು 47,957. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,600, ವೃತ್ತಿ ತೆರಿಗೆ 200 ಹೋದರೆ ಕೈಗೆ 44,157. ವೃತ್ತಿ ತೆರಿಗೆ ಫೆಬ್ರವರಿಯಲ್ಲಿ 300.

ಈಗ ನಿಮ್ಮ ಗ್ರಾಸ್ 32 ಸಾವಿರ, ಕೈಗೆ 29,400. ವ್ಯತ್ಯಾಸ 14,757. ಶ್ರೀರಂಗಪಟ್ಟಣದಲ್ಲಿ ಸ್ವಂತ ಮನೆ, ಕಂಪನಿ ಬಸ್ಸು, ಕ್ಯಾಂಟೀನ್ ಊಟ. ಬೆಂಗಳೂರಿನಲ್ಲಿ ಗೆಳೆಯನ ಜೊತೆ ಹಂಚಿಕೊಂಡ ಬಾಡಿಗೆ 9 ಸಾವಿರ ಅಂತ ನೀವೇ ಬರೆದಿದ್ದೀರಿ. ಊಟ, ಗ್ಯಾಸು, ಕರೆಂಟು, ವಾರಕ್ಕೊಮ್ಮೆ ಊರಿಗೆ ಬರೋ ಖರ್ಚು 5 ಸಾವಿರಕ್ಕೆ ಮುಗಿಸಿದರೆ ನೀವು ಜಾಣರು. ಮಿಕ್ಕಿದ್ದು 757 ರೂಪಾಯಿ. ನ್ಯಾಯವಾಗಿ ಹೇಳಬೇಕೆಂದರೆ ಪಿಎಫ್ ಉಳಿತಾಯ ತಿಂಗಳಿಗೆ 2,400 ಹೆಚ್ಚಾಗುತ್ತೆ, ವೇರಿಯಬಲ್ ಪೂರ್ತಿ ಬಂದರೆ ವರ್ಷಕ್ಕೆ 72 ಸಾವಿರ ಇದೆ. 'ಸಂಬಳ ದುಪ್ಪಟ್ಟು' ಅಂತ ನೀವು ಬರೆದದ್ದರ ಅಸಲು ಇಷ್ಟು.

ಗ್ರಾಚ್ಯುಟಿ ವಿಷಯಕ್ಕೂ ಸ್ವಲ್ಪ ನಿಲ್ಲಬೇಕು. ಐದು ವರ್ಷ ತುಂಬಿಸಿ ಬಿಟ್ಟರೆ 20,000 × 15 ÷ 26 × 5, ಅಂದರೆ 57,692 ರೂಪಾಯಿ. ಇವತ್ತು ಬಿಟ್ಟರೆ ಸೊನ್ನೆ. ಈಗ ಒಂದೇ ವರ್ಷಕ್ಕೆ ಸಿಗುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವುದು ನಿಗದಿತ ಅವಧಿಗೆ ನೇಮಕವಾದವರ ವಿಷಯ, ನಿಮ್ಮಂಥ ಕಾಯಂ ನೌಕರರದ್ದಲ್ಲ. ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟಿನ ತೀರ್ಪೊಂದಿದೆ, ಕೆಲವು ಕಂಪನಿ ಒಪ್ಪುತ್ತವೆ, ಕೆಲವು ಒಪ್ಪಲ್ಲ. ನಿಮ್ಮದು ಒಪ್ಪುತ್ತಾ ಅಂತ ಅಕೌಂಟ್ಸ್‌ನವರನ್ನು ಮೆಲ್ಲಗೆ ವಿಚಾರಿಸಿ. ಒಪ್ಪುವುದಾದರೆ ನಿಮಗೆ ಬೇಕಿರುವುದು ಇನ್ನು ನಾಲ್ಕು ತಿಂಗಳು, ಅದರಲ್ಲಿ ಎರಡು ತಿಂಗಳು ನೋಟಿಸ್‌ನಲ್ಲೇ ಕಳೆಯುತ್ತೆ. ಹೊಸ ಕಂಪನಿ 'ನೋಟಿಸ್ ದುಡ್ಡು ನಾವೇ ಕಟ್ಟಿ ಬಿಡಿಸಿಕೊಳ್ತೀವಿ' ಅಂದರೆ ಖುಷಿಪಡಬೇಡಿ, ಕೆಲಸ ಮಾಡದ ನೋಟಿಸ್ ಅವಧಿ ಸೇವೆಗೆ ಸೇರಲ್ಲ. ಅವರು ಕಾಯಲ್ಲ ಅಂದರೆ ಆ 57 ಸಾವಿರವನ್ನು ಜಾಯಿನಿಂಗ್ ಬೋನಸ್ ಆಗಿ ಕೇಳಿ. ಹಾಗೆ ಕೊಟ್ಟರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತನ್ನು ಓದಿಯೇ ಸಹಿ ಹಾಕಿ.

ಅಮ್ಮನಿಗೆ ಸಕ್ಕರೆ ಕಾಯಿಲೆ ಅಂದಿದ್ದೀರಿ. ಹೊಸ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಸೇರ್ತಾರಾ ಅಂತ ಬರಹದಲ್ಲಿ ಕೇಳಿ. ಹೊರಗೆ ಸ್ವಂತ ಪಾಲಿಸಿ ಮಾಡಿಸಿದರೆ ಮೊದಲಿಂದ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಇದನ್ನು ಓದುತ್ತಿರುವ 21 ಸಾವಿರದೊಳಗಿನ ಸಂಬಳದವರಿಗೂ ಒಂದು ಮಾತು: ಇಎಸ್‌ಐನಲ್ಲಿ (ಸರ್ಕಾರಿ ನೌಕರರ ವಿಮೆ ಅಲ್ಲ, ಕಾರ್ಮಿಕರ ವಿಮಾ ಯೋಜನೆ) ನಿಮ್ಮನ್ನೇ ಅವಲಂಬಿಸಿದ ತಂದೆ ತಾಯಿಗೂ ಚಿಕಿತ್ಸೆ ಇದೆ. ಸಾವಿರ ರೂಪಾಯಿ ಹೆಚ್ಚಿಗೆ ಸಿಗುತ್ತೆ ಅಂತ ಆ ಗೆರೆ ದಾಟುವ ಮೊದಲು ಅದರ ಬೆಲೆಯನ್ನೂ ಕಟ್ಟಿ.

ತೃಪ್ತಿಯ ಬಗ್ಗೆ ನನಗೆ ಹೆಚ್ಚು ಹೇಳೋಕಿಲ್ಲ, ಯಾಕೆಂದರೆ ನಿಮ್ಮ ಪ್ರಶ್ನೆ ತೃಪ್ತಿ ವರ್ಸಸ್ ಸಂಬಳ ಅಲ್ಲವೇ ಅಲ್ಲ. ಸಂಬಳದ ಕಡೆ ಅಷ್ಟು ತೂಕವೇ ಇಲ್ಲ. ನಿಮ್ಮ ಕೈಯಲ್ಲಿ ಪಿಪಿಎಪಿ (ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ಕ್ರಮ), ಎಸ್‌ಪಿಸಿ (ಅಂಕಿಅಂಶದಿಂದ ಗುಣಮಟ್ಟ ನಿಯಂತ್ರಣ), ಸಿಎಂಎಂ (ನಿಖರ ಅಳತೆ ಯಂತ್ರ) ಅನುಭವ ಇದೆ. ರಾತ್ರಿ ಪಾಳಿಯ ಸಪೋರ್ಟ್ ಕೆಲಸದಲ್ಲಿ ಅದ್ಯಾವುದನ್ನೂ ಯಾರೂ ಕೇಳಲ್ಲ, ಎರಡು ವರ್ಷ ಬಿಟ್ಟು ವಾಪಸ್ ಬಂದರೆ ಹಳೇ ಜಾಗದಿಂದಲೇ ಶುರು. ಸಂಬಳವೇ ಬೇಕು ಅಂದರೆ ವಾಹನ ಉದ್ಯಮದ ಗುಣಮಟ್ಟ ಮಾನದಂಡ ಐಎಟಿಎಫ್ 16949ರ ಇಂಟರ್ನಲ್ ಆಡಿಟರ್ ಸರ್ಟಿಫಿಕೇಟ್ ಮಾಡಿಕೊಂಡು, ಗ್ರಾಚ್ಯುಟಿ ಕೈಗೆ ಬಂದ ಮೇಲೆ, ಬೊಮ್ಮಸಂದ್ರ, ಹೊಸೂರು, ನರಸಾಪುರದ ಕಡೆ ಸಪ್ಲೈಯರ್ ಕ್ವಾಲಿಟಿ ಕೆಲಸ ಹುಡುಕಿ. ಅಲ್ಲಿ ನಿಮ್ಮ ಐದು ವರ್ಷಕ್ಕೆ ಬೆಲೆ ಇದೆ.

ಆಫರ್ ಲೆಟರ್‌ನ ಸಂಬಳದ ಅನೆಕ್ಸರ್ ಇನ್ನೂ ಕೊಟ್ಟಿಲ್ಲ ಅಂದಿರಿ. ಅದನ್ನು ತರಿಸಿಕೊಳ್ಳದೆ ರಾಜೀನಾಮೆ ಮೇಲ್ ಕಳಿಸಬೇಡಿ. ಬಂದ ಮೇಲೆ ಬೇಸಿಕ್ ಎಷ್ಟು, ವೇರಿಯಬಲ್ ಎಷ್ಟು, ಪಿಎಫ್ ಪೂರ್ತಿ ಬೇಸಿಕ್ ಮೇಲೋ 15 ಸಾವಿರದ ಮೇಲೋ, ಇಷ್ಟು ಇಲ್ಲೇ ಕೆಳಗೆ ಹಾಕಿ. ಲೆಕ್ಕ ಮತ್ತೆ ಮಾಡಿ ಹೇಳ್ತೀನಿ. ಕಂಪನಿ ಹೆಸರು, ಯುಎಎನ್ ನಂಬರ್ ಮಾತ್ರ ಹಾಕಬೇಡಿ.