ನಿಷೇಧ ಇದ್ದರೂ ನಿಮ್ಮ ಏರಿಯಾದಲ್ಲಿ ಪಟಾಕಿ ಹೊಡೆಯುತ್ತಾರೆ, ದೂರು ಕೊಟ್ಟರೂ ಪೊಲೀಸರು ಬರುವಷ್ಟರಲ್ಲಿ ಮುಗಿದಿರುತ್ತದೆ ಅಂದಿದ್ದೀರಲ್ಲ, ಅದಕ್ಕೆ
ಬಹುಶಃ ನಿಮ್ಮ ದೂರಿನಲ್ಲಿ ಸರಿಯಾದ ಜಾಗ ಇಲ್ಲದಿರುವುದೇ ಕಾರಣ. 'ನಮ್ಮ ಏರಿಯಾದಲ್ಲಿ ಹೊಡೀತಿದ್ದಾರೆ' ಅಂದರೆ ಸಾಲದು. ನಿಷೇಧ ಇದ್ದರೂ, ಯಾರು ಅಂತ ಗೊತ್ತಾಗದೆ ದಂಡ ಹಾಕಲು ಆಗುವುದಿಲ್ಲ.

ಮೊದಲು ಜಾಗ ಗುರುತಿಸಿ. ಬೆಳಕು ಕಂಡಾಗಿನಿಂದ ಸದ್ದು ಕೇಳುವವರೆಗೆ ಎಣಿಸಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ 2 ಸೆಕೆಂಡ್ ತಡವಾದರೆ ಅದು ನಿಮ್ಮ ಪಕ್ಕದ ರಸ್ತೆಯಲ್ಲ, ಇನ್ನೂ ಆಚೆ. ಕಿಟಕಿಯಿಂದಲೇ ವಿಡಿಯೊ ಮಾಡಿ. ದಯವಿಟ್ಟು ಹತ್ತಿರ ಹೋಗಿ ಜಗಳ ಆಡಬೇಡಿ, ಕೈಯಲ್ಲಿ ಬೆಂಕಿ ಇರುವವರ ಜೊತೆ ಅದು ಅಪಾಯ.

ದಿನಾಂಕ, ಸಮಯ ಬರೆದಿಡಿ. ಒಂದೆರಡು ವಾರದಲ್ಲಿ ಯಾವ ಹೊತ್ತಿಗೆ ಜಾಸ್ತಿ ಅಂತ ಕಾಣುತ್ತದೆ, ಗಸ್ತಿಗೆ ಬೇಕಿರುವುದೂ ಅದೇ.

ಆಮೇಲೆ ನಿಷೇಧದ ಆದೇಶ ತರಿಸಿ ಓದಿ. ತಡೆ ಇರುವುದು ಮಾರಾಟಕ್ಕಾ, ಹೊಡೆಯುವುದಕ್ಕಾ, ರಾತ್ರಿ ಹೊತ್ತಿಗೆ ಮಾತ್ರವಾ? ದಂಡ ಹಾಕುವ ಅಧಿಕಾರ ಪೊಲೀಸರಿಗಾ, ನಗರಾಡಳಿತಕ್ಕಾ? ತುಂಬಾ ದೂರುಗಳು ಬಿದ್ದುಹೋಗುವುದು ಇಲ್ಲೇ. ಸರಿಯಾದ ಕಚೇರಿಗೆ ಆದೇಶದ ಸಂಖ್ಯೆ ಹಾಕಿ ಬರವಣಿಗೆಯಲ್ಲಿ ದೂರು ಕೊಟ್ಟು ರಸೀದಿ ತಗೊಳ್ಳಿ. ನೆರೆಯವರೂ ಬೇರೆ ಬೇರೆಯಾಗಿ ಕೊಟ್ಟರೆ ತೂಕ ಜಾಸ್ತಿ. ಮೊದಲ ಸಲಕ್ಕೇ ದಂಡ ಬೀಳುತ್ತದೆ ಅಂತ ಹೇಳಲಾರೆ, ಬರೀ ಎಚ್ಚರಿಕೆ ಕೊಟ್ಟು ಬಿಡಬಹುದು. ಮತ್ತೆ ಹೊಡೆದರೆ ಆ ರಸೀದಿ ಸೇರಿಸಿ ಎರಡನೇ ದೂರು ಕೊಡಿ.