ವಿಜಯನಗರ–ವಿಜಾಪುರದ ಹಳೆಯ ಗಡಿ ಈಗ ಎಲ್ಲಿ ಕಾಣುತ್ತದೆ?

ಹಂಪಿಯ ಅರಸರಿಗೂ ವಿಜಾಪುರದ ಆದಿಲ್‌ಶಾಹಿಗಳಿಗೂ ನಡುವೆ ಇದ್ದ ಗಡಿಯ ಗುರುತು ಏನಾದರೂ ಉಳಿದಿದೆಯೇ, ಎಲ್ಲಿ ನೋಡಬೇಕು ಅಂತ ಕೇಳಿದ್ದೀರಿ. ನಾನು ಮುದ್ದೇಬಿಹಾಳ ತಾಲ್ಲೂಕಿನವನು, ಕೃಷ್ಣೆಯ ಮಗ್ಗುಲಲ್ಲೇ ಬೆಳೆದವನು. ಉಳಿದಿದೆ. ಆದರೆ ಉದ್ದಕ್ಕೆ ಕಟ್ಟಿದ ಗೋಡೆ ಹುಡುಕಿಕೊಂಡು ಬರಬೇಡಿ.

ಇಲ್ಲಿ ಗಡಿ ಅಂದರೆ ಹೊಳೆ. ಅದರಲ್ಲೂ ನೀರು ಇಳಿದಾಗ ಆನೆ, ಕುದುರೆ, ತೋಪಿನ ಗಾಡಿ ದಾಟಿಸಲು ಬರುವ ಕೆಲವೇ ಜಾಗಗಳು. ಅವನ್ನು ಕಾದವನೇ ಗಡಿ ಕಾದಂತೆ. 1565ರ ಜನವರಿಯಲ್ಲಿ ಅಳಿಯ ರಾಮರಾಯನ ದಂಡು ದಕ್ಷಿಣ ದಂಡೆಯಲ್ಲಿ ಅಂಥ ಜಾಗ ಕಾಯುತ್ತಿತ್ತು. ತಾಳಿಕೋಟೆ ಕಡೆಯಿಂದ ಬಂದ, ವಿಜಾಪುರದವನೂ ಸೇರಿದಂತೆ ಒಂದುಗೂಡಿದ್ದ ದಖ್ಖನಿನ ಸುಲ್ತಾನರು ಬೇರೆಲ್ಲೋ ದಾಟುವವರಂತೆ ಹೊಳೆಗುಂಟ ನಡೆದರು. ಇವರೂ ಎದುರು ದಂಡೆಗುಂಟ ಬೆನ್ನು ಹತ್ತಿದರು. ಅವರು ತಟ್ಟನೆ ಹಿಂದಿರುಗಿ, ಕಾವಲು ಬಿಟ್ಟ ಜಾಗದಲ್ಲೇ ದಾಟಿದರು. ಹೆಸರು ತಾಳಿಕೋಟೆಯದಾದರೂ ಕಾಳಗ ನಡೆದದ್ದು ಹೊಳೆಯ ದಕ್ಷಿಣಕ್ಕೆ. ನಮ್ಮ ಕಡೆ ಅದನ್ನು, ಉತ್ತರ ದಂಡೆಯ ಎರಡು ಊರುಗಳ ಹೆಸರಿನಲ್ಲಿ, ರಕ್ಕಸಗಿ–ತಂಗಡಗಿ ಕಾಳಗ ಅನ್ನುತ್ತಾರೆ.

ತಂಗಡಗಿಯ ನೀಲಮ್ಮನ ಗುಡಿ ಹತ್ತಿರ ನಿಂತು ನೋಡಿ. ಆಚೆ ದಂಡೆಗೆ ಕೂಡಲಸಂಗಮ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ ಆಣೆಕಟ್ಟು. ನಡುವೆ ಹಿನ್ನೀರು ದೊಡ್ಡ ಕೆರೆಯ ಹಾಗೆ ನಿಂತಿರುತ್ತದೆ. ನಮ್ಮ ಮುತ್ಯಾ ತಾನು ಎತ್ತು ಹೊಡಕೊಂಡು ಹೊಳೆ ದಾಟುತ್ತಿದ್ದ ಜಾಗ ತೋರಿಸಲು ನೀರಿನ ಕಡೆ ಬೆರಳು ಮಾಡಿ ಸುಮ್ಮನಾಗುತ್ತಿದ್ದ. ಆ ಬೆರಳು ಈಗಲೂ ನನ್ನ ಕಣ್ಣ ಮುಂದಿದೆ.

ಕಣ್ಣಿಗೆ ಕಾಣುವಂಥದ್ದು ಬೇಕಾದರೆ ಊರೊಳಗೆ ಬನ್ನಿ. ಈ ಸೀಮೆಯ ಎಷ್ಟೋ ಊರುಗಳಲ್ಲಿ ಎತ್ತರದ ಜಾಗದಲ್ಲಿ ಒಂದು ಹುಡೆ, ಅಂದರೆ ಕಾವಲಿನ ಬುರುಜು, ಇದೆ. ನಮ್ಮೂರಿನದು ದುಂಡಗಿದೆ: ಹೊರಗೆ ಕಲ್ಲು, ಒಳಗೆ ಮಣ್ಣು. ಬಾಗಿಲು ನೆಲಕ್ಕಿಲ್ಲ, ಆಳೆತ್ತರಕ್ಕೂ ಮೇಲಿದೆ. ಏಣಿ ಮೇಲೆಳೆದುಕೊಂಡರೆ ಆಯಿತು, ಯಾರೂ ಹತ್ತುವಂತಿಲ್ಲ. ಬಂದೂಕಿನ ಕಿಂಡಿಗೆ ಒಳಗಿನಿಂದ ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತದೆ. ಈಗ ಅದರಲ್ಲಿ ಗಿಳಿಗಳು ಗೂಡು ಮಾಡಿವೆ. ಊರಿನ ಅಗಸಿಯೂ, ಅಂದರೆ ಹೆಬ್ಬಾಗಿಲೂ, ಅಂಥದ್ದೇ. ಕದ ಹೋಗಿದೆ, ಕದದ ತಿರುಗುಣಿ ಕೂರುತ್ತಿದ್ದ ಕುಳಿ ಮಾತ್ರ ಕಲ್ಲಿನಲ್ಲಿ ನುಣ್ಣಗೆ ಉಳಿದಿದೆ.

ಒಂದು ಮಾತು: ಹುಡೆ ಕಂಡ ಕೂಡಲೇ 1565 ಅಂದುಬಿಡಬೇಡಿ. ಹೊಳೆ ಗಡಿಯಾಗಿ ಉಳಿಯದ ಮೇಲೂ ಇಲ್ಲಿ ದಂಡು ತಿರುಗುವುದು ನಿಲ್ಲಲಿಲ್ಲ. ಮೊಗಲರು ಬಂದರು, ಮರಾಠರು ಬಂದರು, ಲೂಟಿಗಾರರೂ ಬಂದರು. ಒಂದೊಂದು ಊರೂ ತನ್ನ ಸುತ್ತ ತಾನೇ ಗಡಿ ಹಾಕಿಕೊಳ್ಳಬೇಕಾಯಿತು. ಈ ಸಣ್ಣ ಗಡಿಗಳೇ ಈಗ ಹೆಚ್ಚು ಉಳಿದಿರುವುದು.

ಆಮೇಲಿನ ಕಾಲದ ದಂಡುಗಳ ಗುರುತು ನೋಡಲು, ಸಮಯವಿದ್ದರೆ ಬಾದಾಮಿಗೂ ಹೋಗಿ. ಗುಹೆ ನೋಡಿ ವಾಪಸಾಗದೆ ಉತ್ತರದ ಗುಡ್ಡ ಹತ್ತಿ, ಕೋಟೆ ನೋಡಿ. 1786ರಲ್ಲಿ ಟಿಪ್ಪುವಿನ ಕಾವಲು ಪಡೆಯಿಂದ ಮರಾಠರೂ ನಿಜಾಮನೂ ಸೇರಿ ಅದನ್ನು ಕಿತ್ತುಕೊಂಡರು.

ನಮ್ಮೂರ ಹುಡೆಯ ಬಡಗು ಮಗ್ಗುಲಿನ ಕಲ್ಲುಗಳು ಮನೆ ಕಟ್ಟುವವರ ಪಾಲಾಗಿ, ಒಳಗಿನ ಮಣ್ಣು ಬಯಲಾಗಿದೆ. ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಕುಸಿಯುತ್ತದೆ. ನೋಡಲು ಬರುವುದಾದರೆ ಸುಗ್ಗಿ ಮುಗಿದ ಮೇಲೆ, ಮಣ್ಣು ಒಣಗಿದಾಗ ಬನ್ನಿ. ಹತ್ತುವ ಮುಂಚೆ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ಯಾವ ಕಲ್ಲು ಸಡಿಲವಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ.